ಕೈಮರಕ್ಕೆ ಎರಡನೇ ದಾರಿ ಕಲಿಸಿದ್ದು

ನಮ್ಮೂರಲ್ಲಿ ರಸ್ತೆಗಳು ನಿಂತ ಕಡೆ ನಿಲ್ಲೋದಿಲ್ಲ. ಬೆಳಗ್ಗೆ ಹಾಲಿನವರು ಬರೋಕ್ಕೆ ಮುಂಚೆ ಒಂದು ಸಲ ಮಗ್ಗುಲು ಬದಲಾಯಿಸ್ತವೆ, ಅಷ್ಟೆ. ನಿನ್ನೆ ನಿಮ್ಮ ಮನೆ ಎದುರಿಗೆ ಗರಡಿಮನೆ ಇತ್ತು ಅಂದ್ಕೊಳ್ಳಿ, ಇವತ್ತು ಬಾಗಿಲು ತೆಗೆದರೆ ಬಳೆ ಅಂಗಡಿ. ಯಾರೂ ಗಾಬರಿಯಾಗಲ್ಲ. ಬಳೆ ಅಂಗಡಿ ಮನೆ ಮುಂದಕ್ಕೇ ಬಂತಲ್ಲ ಅಂತ ಹೋಗಿ ಒಂದು ಡಜನ್ ತೊಡಿಸ್ಕೊಂಡು ಬರ್ತಾರೆ. ಮತ್ತೆ ಸಂಜೆ ಮನೆಗೆ ಹೇಗೆ ಸೇರ್ತೀರಿ ಅಂತ ಕೇಳ್ತೀರಾ? ನಂಬರಿನಿಂದ ಸೇರ್ತೀವಿ. ಮನೆಗೊಂದು ನಂಬರು, ನಾಲ್ಕು ಭಾಗದ್ದು, ನಡುನಡುವೆ ಒಂದೊಂದು ಚುಕ್ಕಿ. ಎಲ್ಲರ ಸೊಂಟದಲ್ಲೂ ಒಂದು ದಾರಿಪೆಟ್ಟಿಗೆ ಇರುತ್ತೆ. ಯಾರ ಮನೆಗೆ ಹೋಗಬೇಕೋ ಅವರ ಹೆಸರು ಹೇಳಿದರೆ ಪೆಟ್ಟಿಗೆ ಅವರ ನಂಬರು ಹುಡುಕುತ್ತೆ, ಇಲ್ಲಿಂದಲೇ ಆ ಬಾಗಿಲನ್ನ ಒಂದು ಸಲ ತಟ್ಟುತ್ತೆ, ಉತ್ತರ ಬಂದ ತಕ್ಷಣ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಅಂತ ಹೇಳ್ತಾ ಕರ್ಕೊಂಡು ಹೋಗಿ ಹೊಸ್ತಿಲ ಮುಂದೆ ನಿಲ್ಲಿಸುತ್ತೆ. ಎಲ್ಲ ಪೆಟ್ಟಿಗೆಯೊಳಗೂ ಓಡೋದು ಒಂದೇ ಪ್ರೋಗ್ರಾಮು. ಅದರ ಹೆಸರು ಕೈಮರ. ಅದನ್ನ ನೋಡಿಕೊಳ್ಳೋಳು ನಾನು, ವಿಮಲಾ. ದಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ.

ಕೈಮರಕ್ಕೆ ಎರಡನೇ ದಾರಿ ಕಲಿಸಿದವಳು ಇವಳೇ ಅಂತ ಊರಲ್ಲಿ ನನ್ನ ತೋರಿಸಿ ಮಾತಾಡ್ತಾರೆ. ಊರಿಗೋಸ್ಕರ ಮಾಡಿದಳು ಅಂತಾರೆ. ಕೇಳೋಕೆ ಚೆನ್ನಾಗಿರುತ್ತೆ, ನಾನೂ ಸುಮ್ಮನೆ ತಲೆ ಆಡಿಸ್ತೀನಿ. ನಿಮಗೆ ಯಾಕೆ ಸುಳ್ಳು ಹೇಳಲಿ, ನಾನು ಮಾಡಿದ್ದು ನನ್ನ ಅಕ್ಕನ ಮನೆಗೆ ಹೋಗೋಕೆ.

ಹಿಂದಿನವರು ನಂಬರು ಹಂಚೋವಾಗ ಕೈ ಬಿಚ್ಚಿ ಹಂಚಿಬಿಟ್ಟರು. ಮನೆಗೆ ಕೊಟ್ಟರು, ದನದ ಕೊಟ್ಟಿಗೆಗೆ ಕೊಟ್ಟರು, ಗಿರಣಿಯವರು ಕೇಳಿದರು ಅಂತ ಒಂದು ಇಡೀ ಸಾಲನ್ನೇ ಬರೆದುಕೊಟ್ಟರು. ನಾಲ್ಕು ಭಾಗದಲ್ಲಿ ಎಷ್ಟು ನಂಬರು ಬರಬಹುದೋ ಅಷ್ಟೇ ತಾನೇ ಬರೋದು. ಹನ್ನೆರಡು ವರ್ಷದ ಹಿಂದೆ ಮುಗಿದೇ ಹೋಯ್ತು. ಆಮೇಲೆ ಕಟ್ಟಿದ ಮನೆಗಳಿಗೆ ಸ್ವಂತ ನಂಬರು ಇಲ್ಲ. ನೂರಿನ್ನೂರು ಮನೆ ಸೇರಿಸಿ ಸುತ್ತ ಗೋಡೆ ಹಾಕಿ, ಒಂದು ಹೆಬ್ಬಾಗಿಲು ಇಟ್ಟು, ಆ ಬಾಗಿಲಿಗೆ ಒಂದು ನಂಬರು ಕೊಟ್ಟರು. ಒಳಗಿನ ಓಣಿಗಳೂ ದಿನಾ ಹೊರಳುತ್ತವಲ್ಲ, ಅದಕ್ಕೆ ದಾರದ ಏರ್ಪಾಡು ಮಾಡಿದರು. ಒಳಗಿನವರು ಹೊರಗೆ ಹೋಗೋದಾದರೆ ಮನೆ ಬಾಗಿಲಿಂದ ದಾರ ಬಿಟ್ಟುಕೊಂಡು ಬಂದು ಅದರ ತುದಿಯನ್ನ ಹೆಬ್ಬಾಗಿಲಲ್ಲಿ ಕೂತಿರೋರ ಕೈಗೆ ಕೊಡಬೇಕು. ಹೊರಗೆ ಯಾರನ್ನಾದರೂ ಕರೆದಿದ್ದರೆ, ಆ ಬಂದವರು ಅದೇ ದಾರ ಹಿಡಿದು ಒಳಗೆ ಹೋಗಬಹುದು. ಸಾಯಂಕಾಲ ದಾರ ಕತ್ತರಿಸಿ ಹಾಕ್ತಾರೆ, ಇಲ್ಲದಿದ್ದರೆ ನೂರಿನ್ನೂರು ದಾರ ಸಿಕ್ಕಾಗಿ ಕೂರುತ್ತೆ. ಕರೆಯದೆ ಬಂದವರಿಗೆ ದಾರವೇ ಇಲ್ಲ. ಹಾಗಾಗಿ ಹೆಬ್ಬಾಗಿಲ ಒಳಗಿನ ಮನೆಗಳಿಗೆ ಈ ಹನ್ನೆರಡು ವರ್ಷದಲ್ಲಿ ಹಾದಿಯಲ್ಲಿ ಹೋಗ್ತಿದ್ದೆ, ನೋಡಿ ಹೋಗೋಣ ಅಂತ ಬಂದೆ ಅಂದವರು ಒಬ್ಬರೂ ಇಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೆ ನೆಂಟರು ಹೇಳದೆ ಕೇಳದೆ ಬರ್ತಾರೆ ಅನ್ನೋದೇ ಗೊತ್ತಿಲ್ಲ.

ಇನ್ನು ಅಕ್ಕನ ವಿಷಯ. ನಮ್ಮ ಕಡೆ ತಾಯಿಯ ನಂಬರು ದೊಡ್ಡ ಮಗಳಿಗೆ ಹೋಗುತ್ತೆ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ತಪ್ಪಿದವರಿಲ್ಲ. ನಮ್ಮಮ್ಮ ತೀರಿಕೊಂಡಾಗ ನಾನು ಅಮ್ಮನ ಜೊತೆಗಿದ್ದೆ, ಅಕ್ಕ ಸುಲೋಚನ ಬಾಡಿಗೆ ಮನೆಯಲ್ಲಿದ್ದಳು, ಅಲ್ಲಿಯ ನಂಬರು ಓನರ್ರದು. ಅವಳ ಮಗ ಕಾಮಾಲೆ ಆಗಿ ಹಾಸಿಗೆ ಹಿಡಿದಿದ್ದ. ಹುಷಾರಾದ ಮೇಲೆ ಕಚೇರಿಗೆ ಬಂದು ನಂಬರು ಬರೆಸ್ಕೋತೀನಿ ಅಂದಿದ್ದಳು. ಅದೇ ವಾರ ನಂಬರು ಮುಗೀತಾ ಬಂತು ಅನ್ನೋ ಸುದ್ದಿ ಕಚೇರಿಯೊಳಗೆ ಬಂತು. ಊರಿಗೆ ಇನ್ನೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಮ್ಮನ ನಂಬರನ್ನ ನನ್ನ ಹೆಸರಿಗೆ ಬರೆದುಕೊಂಡೆ. ಅರ್ಜಿ ಬರೆದವಳೂ ನಾನೇ, ಮುದ್ರೆ ಒತ್ತಿದವಳೂ ನಾನೇ. ಆಮೇಲೆ ವಾಪಸ್ಸು ಕೊಡಬಹುದಿತ್ತು. ಕೊಡಲಿಲ್ಲ. ಕೊಟ್ಟರೆ ನಾನು ಹೆಬ್ಬಾಗಿಲ ಒಳಗೆ ಹೋಗಬೇಕಿತ್ತು, ಅದು ನನಗೆ ಬೇಡವಾಗಿತ್ತು.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸಿಬಿಡ್ತಿದ್ದೆ. ಮಗನ್ನ ಕರ್ಕೊಂಡು ಹೆಬ್ಬಾಗಿಲ ಒಳಗಿನ ಮನೆಗೆ ಹೊರಡೋ ದಿನ ನನ್ನ ಕಚೇರಿಗೆ ಬಂದಳು. "ನಾನು ಕರೆದು ನೀನು ಬರೋದು ಬೇಡ ವಿಮಲಿ. ಬರಬೇಕು ಅಂತ ನಿನಗೇ ಅನ್ನಿಸಿದ ದಿನ ನಿನ್ನ ಕಾಲಲ್ಲಿ ಬಾ" ಅಂದಳು. ಅಷ್ಟೇ. ಕರೆಯದೆ ಒಳಗೆ ಬರೋಕೆ ಆಗಲ್ಲ ಅನ್ನೋದು ಅವಳಿಗೂ ಗೊತ್ತು, ನನಗೂ ಗೊತ್ತು. ಬರಲೇಬೇಡ ಅಂತ ಹೇಳಿದಳೋ, ಬರೋ ದಾರಿ ಹುಡುಕು ಅಂತ ಹೇಳಿದಳೋ, ಅದನ್ನ ಯೋಚನೆ ಮಾಡ್ತಾನೇ ನನಗೆ ಐವತ್ತು ದಾಟಿತು.

ಮೂರು ಸಲ ಆ ಹೆಬ್ಬಾಗಿಲ ತನಕ ಹೋಗಿದ್ದೆ. ಅಲ್ಲಿ ದಾರ ಹಿಡಿದು ಕೂರೋಳು ದೊಡ್ಡತಾಯಮ್ಮ, ಕಲ್ಲಿನಂಥ ಮುದುಕಿ. ಯಾರು ಕರೆದರು ಅಂತ ಕೇಳಿದಳು. ಎರಡು ಸಲ ಯಾರೂ ಇಲ್ಲ ಅಂದು ವಾಪಸ್ಸು ಬಂದೆ. ಮೂರನೇ ಸಲ ಸುಲೋಚನಮ್ಮ ಕರೆದಿದ್ದಾರೆ ಅಂತ ಸುಳ್ಳು ಹೇಳಿದೆ. ದೊಡ್ಡತಾಯಮ್ಮ ಕಣ್ಣು ಮುಚ್ಚಿ ನೂರು ದಾರವನ್ನೂ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿ, ಇವತ್ತು ಅವಳ ದಾರವೇ ಬಂದಿಲ್ಲ ಹೋಗಮ್ಮ ಅಂದಳು. ಆ ಮುದುಕಿ ಮುಂದೆ ನನಗಾದ ನಾಚಿಕೆ ನನ್ನ ಶತ್ರುವಿಗೂ ಬೇಡ.

ಹೊಸ ನಂಬರು ಅನ್ನೋದು ಬಂದೇ ಎಂಟು ವರ್ಷವಾಗಿತ್ತು ಅಂದರೆ ನಂಬ್ತೀರಾ? ನಾಲ್ಕಲ್ಲ, ಎಂಟು ಭಾಗದ್ದು. ಅಂಕಿ ಸಾಲದು ಅಂತ ಅಕ್ಷರಾನೂ ಸೇರಿಸಿದ್ದರು. ಊರಿನ ಮನೆಗಳಿಗೆ, ಮನೆಯ ಒಂದೊಂದು ಹಂಚಿಗೆ, ಹಂಚಿನ ಮೇಲೆ ಕೂರೋ ಒಂದೊಂದು ಗುಬ್ಬಿಗೆ ಕೊಟ್ಟರೂ ರಾಶಿ ಕರಗಲ್ಲ, ಅಷ್ಟು. ಆದರೆ ಹೊಸ ನಂಬರು ಹಳೇ ರಸ್ತೆಯಲ್ಲಿ ನಡೆಯಲ್ಲ, ಅದಕ್ಕೆ ಅದರದೇ ರಸ್ತೆ ಬೇಕು. ಆ ರಸ್ತೆಯನ್ನ ರಹಮತ್ ಸಾಬರ ತಂಡ ಹಳೇದರ ಪಕ್ಕಕ್ಕೇ ನೀಲಿ ಕಲ್ಲಿನಲ್ಲಿ ಹಾಸಿತ್ತು, ಹೆಬ್ಬಾಗಿಲುಗಳ ಒಳಗೂ, ಒಂದೊಂದು ಮನೆಯ ಹೊಸ್ತಿಲ ತನಕ. ಸಾಬರು ಹೊರಗಿನಿಂದ ಬಂದವರು, ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಕೆಲಸದಲ್ಲಿ ಮಾತ್ರ ಚಿನ್ನ. ರಸ್ತೆ ಇದೆ, ನಂಬರು ಇದೆ, ನಡೆಯೋರೇ ಇಲ್ಲ. ಯಾಕೆಂದರೆ ಕೈಮರಕ್ಕೆ ಅದು ಗೊತ್ತಿಲ್ಲ. ಕೈಮರಕ್ಕೆ ಯಾಕೆ ಹೇಳಿಕೊಡಲಿಲ್ಲ ಅಂದರೆ, ಯಾರೂ ನಡೆಯಲ್ವಲ್ಲ ಅಂತಿದ್ದರು ಕಚೇರಿಯವರು. ಎಂಟು ವರ್ಷ ನೀಲಿ ಕಲ್ಲಿನ ಮೇಲೆ ಜನ ಹಪ್ಪಳ ಒಣಗಿಸಿಕೊಂಡರು.

ಒಂದು ದಿನ ಸಾಬರು ಬಂದು ನನ್ನ ಮೇಜಿನ ಮುಂದೆ ಕೂತು, ನಾನು ಹಾಸಿದ ರಸ್ತೆ ಮೇಲೆ ಒಬ್ಬ ಮನುಷ್ಯ ನಡೆಯೋದು ನೋಡಿ ಸಾಯಬೇಕು ವಿಮಲಮ್ಮೋರೆ ಅಂದರು. ಹೊಸ ರಸ್ತೆ ಹೆಬ್ಬಾಗಿಲ ಒಳಗಿನ ಮನೆಗೂ ನೇರ ಹೋಗುತ್ತಾ ಅಂತ ಕೇಳಿದೆ. ಹೋಗದೆ ಏನು, ಹೊಸ್ತಿಲಿಗೇ ತಂದು ಬಿಟ್ಟಿದೀನಿ, ದಾರ ಗೀರ ಏನೂ ಬೇಡ ಅಂದರು. ಅವತ್ತೇ ಸಂಜೆ ನಮ್ಮೂರ ಅಧ್ಯಕ್ಷರ ಹತ್ತಿರ ಹೋಗಿ ಕೈಮರಕ್ಕೆ ಹೊಸ ರಸ್ತೆ ಕಲಿಸೋಕೆ ಅಪ್ಪಣೆ ತಗೊಂಡೆ. ಎಂಟು ವರ್ಷ ನನಗೆ ಈ ಬುದ್ಧಿ ಎಲ್ಲಿ ಹೋಗಿತ್ತು ಅಂತ ನನ್ನ ನಾನೇ ಬೈಕೊಂಡೆ.

ಕೈಮರವನ್ನ ಬರೆದವರು ತಿಪ್ಪೇರುದ್ರಯ್ಯನವರು, ನನಗೆ ಕೆಲಸ ಕಲಿಸಿದ ಗುರುಗಳು, ಈಗಿಲ್ಲ. ದೊಡ್ಡ ಮನುಷ್ಯರು, ಆದರೆ ಅವರು ಬರೆದ ಪ್ರೋಗ್ರಾಮು ತೆರೆದು ನೋಡಿದರೆ ತಲೆ ಗಿರ್ ಅನ್ನುತ್ತೆ. ಒಂದು ಕಡೆ ಬರೆದಿಟ್ಟಿದ್ದಾರೆ: "ಇಲ್ಲಿ ಕೈ ಇಡಬೇಡಿ. ಯಾಕೆ ಅಂತ ನನಗೂ ಮರೆತಿದೆ." ನಂಬರು ಅಂದರೆ ನಾಲ್ಕು ಭಾಗ ಅನ್ನೋದು ಅವರಿಗೆ ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅನ್ನೋವಷ್ಟೇ ಸತ್ಯ. ಆ ಸತ್ಯವನ್ನ ಅವರು ಮುನ್ನೂರ ಹನ್ನೆರಡು ಜಾಗದಲ್ಲಿ ಬರೆದಿದ್ದರು, ನಾನು ಎಣಿಸಿದ್ದೀನಿ. ಎಲ್ಲ ಕಿತ್ತು ಹಾಕಿ ಹೊಸದಾಗಿ ಬರೆಯೋಣ ಅಂದರೆ ಇಡೀ ಊರು ಅದರ ಮೇಲೇ ಓಡಾಡ್ತಿದೆ. ಜನ ಕೂತು ಉಣ್ಣುತ್ತಿರೋ ಚಪ್ಪರಕ್ಕೆ ಕಂಬ ಬದಲಾಯಿಸೋ ಕೆಲಸ ಅದು. ಒಂದೊಂದೇ ಕಂಬ ಬದಲಾಯಿಸಬೇಕು, ಉಣ್ಣೋರ ಎಲೆ ಮೇಲೆ ಧೂಳು ಬೀಳಬಾರದು.

ಏಳು ತಿಂಗಳು. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ ಅಂದರೆ ನಗ್ತೀರೇನೋ. ಬೆಳಗ್ಗೆ ಎದ್ದ ಕೂಡಲೇ ಇವತ್ತು ಯಾವ ಜಾಗ ಸರಿ ಮಾಡಲಿ ಅಂತ ಕೈ ತುರಿಸುತ್ತಿತ್ತು. ಉಪ್ಪಿಟ್ಟು ಬಾಯಿಗಿಟ್ಟುಕೊಂಡೇ ಓಡ್ತಿದ್ದೆ. ಇಲ್ಲಿ ನಾಲ್ಕು ಅಂದಿದ್ದನ್ನ ನಾಲ್ಕೋ ಎಂಟೋ ನೋಡು ಅಂತ ತಿದ್ದಿದೆ, ಅಲ್ಲಿ ಅಂಕಿ ಮಾತ್ರ ಅಂದಿದ್ದನ್ನ ಅಕ್ಷರ ಇದ್ದರೂ ಸರಿ ಅಂತ ತಿದ್ದಿದೆ. ಒಂದೊಂದು ಜಾಗ ಸರಿಹೋದಾಗಲೂ ಅಕ್ಕನ ಮನೆ ಒಂದೊಂದು ಹೆಜ್ಜೆ ಹತ್ತಿರ ಬಂತು ಅನ್ನಿಸೋದು.

ಮೊದಲನೇ ಪರೀಕ್ಷೆಗೆ ಸಾಬರೇ ಬಂದರು. ಅವರ ಗೋದಾಮಿಗೆ ಹೊಸ ನಂಬರು ಇತ್ತು. ಪೆಟ್ಟಿಗೆಗೆ ಹೇಳಿ ಹೊರಟರು. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು, ಗೋದಾಮಿಗಲ್ಲ, ಗರಡಿಮನೆಗೆ ಹೋಗಿ ನಿಂತೆ ಅಂದರು. ಏನೋ ತಿದ್ದಿದೆ. ಮತ್ತೆ ಗರಡಿಮನೆ. ಮೂರನೇ ಸಲವೂ ಗರಡಿಮನೆ. ಪೈಲ್ವಾನರು ಇವರನ್ನ ಕೂರಿಸಿ ಬಾದಾಮಿ ಹಾಲು ಕೊಟ್ಟರಂತೆ, ಸಾಬರಿಗೇನೂ ಬೇಜಾರಿಲ್ಲ, ಇನ್ನೊಂದು ಸಲ ಹೋಗಿ ಬರಲಾ ಅಂತಿದ್ದರು. ಕೊನೆಗೆ ಹುಡುಕಿದೆ. ನಂಬರನ್ನ ಕಾಗದದ ಚೀಟಿಯಲ್ಲಿ ಬರೆಯೋ ಕಾಲದಲ್ಲಿ ಹಳೇ ನಂಬರು ಚುಕ್ಕಿ ಸೇರಿ ಹೆಚ್ಚೆಂದರೆ ಹದಿನೈದು ಅಕ್ಷರ ಅಂತ ಗುರುಗಳು ಅಷ್ಟೇ ಜಾಗ ಬಿಟ್ಟಿದ್ದರು. ಚೀಟಿ ಹೋಗಿ ಎಷ್ಟೋ ವರ್ಷವಾಯ್ತು, ಜಾಗ ಮಾತ್ರ ಹಾಗೇ ಇತ್ತು. ಉದ್ದದ ನಂಬರು ಅದರೊಳಗೆ ಹೋಗಿ ಬಾಲ ಕತ್ತರಿಸಿಕೊಂಡು ಹೊರಗೆ ಬರ್ತಿತ್ತು. ಆ ಮೊಂಡು ನಂಬರು ಎಲ್ಲರನ್ನೂ ಗರಡಿಗೇ ಕಳಿಸ್ತಿತ್ತು. ಜಾಗ ದೊಡ್ಡದು ಮಾಡಿದೆ. ನಾಲ್ಕನೇ ಸಲ ಸಾಬರು ಗೋದಾಮಿನ ಮುಂದೆ ನಿಂತು ಹಾಕಿದ ಕೂಗು ಕಚೇರಿಗೆ ಕೇಳಿಸ್ತು. ನೀಲಿ ಕಲ್ಲಿನ ಮೇಲೆ ನಡೆದು ಹೋದ ಮೊದಲನೇ ಮನುಷ್ಯ ಅದನ್ನ ಹಾಸಿದವರೇ.

ಹೆಬ್ಬಾಗಿಲ ಒಳಗಿನವರು ಹೊಸ ನಂಬರು ಬೇಕಾದರೆ ಹೆಬ್ಬಾಗಿಲಲ್ಲೇ ಬಂದು ಹೆಸರು ಬರೆಸಬೇಕು ಅಂತ ಡಂಗುರ ಸಾರಿಸಿದರು. ಬೇಡ ಅಂದವರಿಗೆ ಬಲವಂತ ಇಲ್ಲ. ಬರೆಸಿದವರ ಪಟ್ಟಿ ನನ್ನ ಕಚೇರಿಯಲ್ಲೇ ಇತ್ತು, ಪಕ್ಕದ ಬೀರುವಿನಲ್ಲಿ. ಸುಲೋಚನ ಅಂತ ಒಂದು ಹೆಸರು ಇದೆಯಾ ಅಂತ ನೋಡೋಕೆ ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಹಿಂದೊಂದು ಸಲ ಅಮ್ಮನ ನಂಬರಿಗೆ ಅಂತ ಆ ಬೀರುವಿಗೆ ಕೈ ಹಾಕಿದ್ದಕ್ಕೇ ಈ ಗತಿ ಬಂದದ್ದು. ಜೊತೆಗೆ ಭಯ. ಹೆಸರು ಇಲ್ಲದೇ ಇದ್ದರೆ ಏಳು ತಿಂಗಳು ಕಟ್ಟಿದ್ದೆಲ್ಲ ನನ್ನ ಎದೆ ಮೇಲೇ ಬೀಳ್ತಿತ್ತು.

ಒಂದು ಸೋಮವಾರ ಹೊಸ ಕೈಮರ ಎಲ್ಲ ಪೆಟ್ಟಿಗೆಗಳಿಗೂ ಹೋಯ್ತು. ಹಳೇ ಮನೆಗಳಿಗೂ ಹೊಸ ನಂಬರು ಕೊಟ್ಟಿದ್ದೆವು, ಹಾಗಾಗಿ ಅವರಿಗೆ ಎರಡೆರಡು ನಂಬರು, ಎರಡೆರಡು ರಸ್ತೆ. ಹೆಬ್ಬಾಗಿಲ ಒಳಗಿನವರ ನಂಬರು ಮಾತ್ರ, ಹಳೇ ಮನೆಗಳ ಓಡಾಟ ಸರಿಹೋದ ಮೇಲೆ ಸೇರಿಸೋಣ ಅಂತ ತಡೆದಿದ್ದೆವು. ಮೊದಲು ಹೊಸ ರಸ್ತೆಯಲ್ಲಿ ಬಾಗಿಲು ತಟ್ಟು, ಉತ್ತರ ಬರದಿದ್ದರೆ ಹಳೇ ರಸ್ತೆಯಲ್ಲಿ ತಟ್ಟು ಅಂತ ಕೈಮರಕ್ಕೆ ಕಲಿಸಿದ್ದೆ. ಇದರಲ್ಲಿ ಏನು ತಪ್ಪಿದೆ ನೀವೇ ಹೇಳಿ. ನಮ್ಮೂರಲ್ಲಿ ಹುಟ್ಟಿದ ಯಾರಿಗೂ ತಪ್ಪು ಕಾಣಲ್ಲ. ಒಂದು ಬಾಗಿಲು ತಟ್ಟಿದ ಮೇಲೆ ಉತ್ತರ ಬರೋವರೆಗೂ ಕಾಯಬೇಕು, ಅಷ್ಟರೊಳಗೆ ಇನ್ನೊಂದು ಬಾಗಿಲು ತಟ್ಟಿದರೆ ಮೊದಲನೇ ಮನೆಯವರಿಗೆ ಅವಮಾನ ಅಂತ ನಮಗೆಲ್ಲ ಹಾಲು ಕುಡಿಯೋವಾಗಲೇ ಕಲಿಸಿದ್ದಾರೆ. ಗುರುಗಳು ಆ ಮರ್ಯಾದೆಯನ್ನ ಪ್ರೋಗ್ರಾಮಿನಲ್ಲೂ ಬರೆದಿದ್ದರು: ಬಾಗಿಲು ತಟ್ಟಿ ಮುನ್ನೂರು ಎಣಿಸು, ಆಮೇಲೆ ಬಿಡು. ಹಳೇ ರಸ್ತೆಯಲ್ಲಿ ಮರುಕ್ಷಣವೇ ಉತ್ತರ ಬರ್ತಿತ್ತು, ಮುನ್ನೂರು ಎಣಿಸೋ ಪ್ರಸಂಗವೇ ಬಂದಿರಲಿಲ್ಲ. ಹೊಸ ರಸ್ತೆಯಲ್ಲಿ ಎಂಟು ವರ್ಷಕ್ಕೆ ಅಲ್ಲಲ್ಲಿ ಕಲ್ಲು ಕುಸಿದಿತ್ತು. ಅಲ್ಲಿ ತಟ್ಟಿದ ಸದ್ದು ಗುಂಡಿಗೆ ಬಿದ್ದು ಅಲ್ಲೇ ಸಾಯ್ತಿತ್ತು, ಉತ್ತರ ಬರಲ್ಲ ಅಂತ ಹೇಳೋರೂ ಇಲ್ಲ.

ಸೋಮವಾರ ಬೆಳಗ್ಗೆ ಊರಿನ ಅರ್ಧ ಜನ ಚೌಕದಲ್ಲಿ ನಿಂತಿದ್ದರು. ಪೆಟ್ಟಿಗೆಯನ್ನ ಕಿವಿಗೆ ಇಟ್ಟುಕೊಂಡು ಕಾಯ್ತಿದ್ದಾರೆ, ಪೆಟ್ಟಿಗೆ ಒಳಗೇ ಎಣಿಸ್ತಾ ಕೂತಿದೆ. ಮೇಷ್ಟ್ರು ಶಾಲೆಗೆ ಹೋಗೋಕಾಗದೆ ನಿಂತಿದ್ದರು. ಕ್ಷೌರದ ಮಾದಪ್ಪ ಒಬ್ಬರ ಮುಖಕ್ಕೆ ಸೋಪು ಹಚ್ಚಿ ಕತ್ತಿ ತರೋಕೆ ಅಂತ ಮನೆಗೆ ಹೊರಟವನು, ಸೋಪು ಒಣಗೋ ತನಕ ಅಲ್ಲೇ ನಿಂತಿದ್ದ. ಮುನ್ನೂರು ಎಣಿಸಿ ಹಳೇ ರಸ್ತೆಗೆ ತಿರುಗಿದ ಮೇಲೆ ಎಲ್ಲ ಸರಿಯೇ ಇತ್ತು, ಆದರೆ ಅಲ್ಲಿಯವರೆಗೆ ತಾಳ್ಮೆ ಯಾರಿಗಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರಿಗೆ ಬೈಗುಳದ ಮಳೆ.

ಅಧ್ಯಕ್ಷ ಬಸವಲಿಂಗಯ್ಯನವರು ಕೆಟ್ಟವರಲ್ಲ, ಜನಕ್ಕೆ ಹೆದರ್ತಾರೆ ಅಷ್ಟೆ. ಗುರುವಾರ ಮಧ್ಯಾಹ್ನದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ಹಳೇ ಕೈಮರ ವಾಪಸ್ಸು, ನೀಲಿ ಕಲ್ಲು ಕಿತ್ತು ಸಂತೆ ಮಾಳಕ್ಕೆ ಹಾಸೋದು ಅಂತ ತೀರ್ಮಾನ. ಸಾಬರ ಮುಖ ನೋಡೋಕಾಗಲಿಲ್ಲ. ನನಗೆ ಕಂಡದ್ದು ಒಂದೇ: ಕಲ್ಲು ಕಿತ್ತರೆ ನಾನು ಇನ್ನು ಅಕ್ಕನ ಮುಖ ನೋಡೋ ಹಾಗಿಲ್ಲ. ಇಬ್ಬರಿಗೂ ವಯಸ್ಸಾಗ್ತಿದೆ, ಇನ್ನೊಂದು ರಸ್ತೆ ಹಾಸೋ ತನಕ ಯಾರು ಇರ್ತಾರೆ?

ಮಂಗಳವಾರ ಮುನ್ನೂರನ್ನ ಮೂವತ್ತಕ್ಕೆ ಇಳಿಸಿದೆ. ಬೀದಿ ನಡುವೆ ಮೂವತ್ತು ಎಣಿಸೋ ತನಕ ನಿಲ್ಲೋದೂ ಜನಕ್ಕೆ ಕಷ್ಟವೇ. ಹತ್ತಕ್ಕೆ ಇಳಿಸಿದೆ. ಆಗ ಊರಾಚೆಯ ಮನೆಗಳು ಉತ್ತರ ಕೊಡೋವಷ್ಟರಲ್ಲಿ ಪೆಟ್ಟಿಗೆ ಬೆನ್ನು ತಿರುಗಿಸ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಾಯ್ತು. ಸಾಬರ ತಂಡ ಗುಂಡಿ ಹುಡುಕಿ ಹುಡುಕಿ ಮುಚ್ತಾ ಇತ್ತು, ಬೆಳಗಾದರೆ ರಸ್ತೆ ಹೊರಳಿ ಮುಚ್ಚಿದ ಗುಂಡಿ ಯಾವುದು, ಮುಚ್ಚದ್ದು ಯಾವುದು ಗೊತ್ತಾಗ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಸಾಬರು ಬೆವರು ಒರೆಸ್ಕೊಂಡು ಬಂದರು. ಅವತ್ತು ನಮ್ಮ ಕಚೇರಿಯ ಎಡಕ್ಕೊಂದು ಟೀ ಅಂಗಡಿ, ಬಲಕ್ಕೊಂದು ಟೀ ಅಂಗಡಿ ಬಂದು ನಿಂತಿದ್ದವು. ಸಾಬರು ಕಿಟಕಿಯಿಂದ ಎಡಗಡೆಯವನಿಗೆ ಎರಡು ಟೀ ಅಂತ ಕೂಗಿದರು. ಅವನು ಓ ಅನ್ನೋದು ಒಂದು ಚಿಟಿಕೆಯಷ್ಟು ತಡವಾಯ್ತು. ತಕ್ಷಣ ಬಲಕ್ಕೆ ತಿರುಗಿ ಅವನಿಗೂ ಎರಡು ಟೀ ಅಂತ ಕೂಗಿಬಿಟ್ಟರು. ನನಗೆ ಮೈ ಉರಿದುಹೋಯ್ತು. ಎಡಗಡೆಯವನು ಇನ್ನೂ ಉತ್ತರ ಕೊಟ್ಟಿಲ್ಲ, ಅಷ್ಟರಲ್ಲಿ ಇನ್ನೊಬ್ಬನನ್ನ ಕರೆಯೋದು ಎಂಥ ನಡವಳಿಕೆ, ನಿಮ್ಮ ಕಡೆ ಮರ್ಯಾದೆ ಅನ್ನೋದು ಕಲಿಸಲ್ವಾ ಅಂತ ಚೆನ್ನಾಗಿ ಬೈದೆ.

"ಯಾರು ಮೊದಲು ಓಗೊಟ್ಟರೋ ಅವರ ಟೀ ಕುಡಿಯೋಣ, ಇನ್ನೊಬ್ಬರಿಗೆ ಬೇಡಪ್ಪ ಅಂತ ಹೇಳಿದರಾಯ್ತು" ಅಂದರು ಸಾಬರು. "ಬಾಯಾರಿದವನು ಮುನ್ನೂರು ಎಣಿಸ್ತಾನಾ ವಿಮಲಮ್ಮೋರೆ?"

ಬಲಗಡೆಯವನು ಬಂದೆ ಅಂದ, ಸಾಬರು ಎಡಗಡೆಯವನಿಗೆ ಕೈ ಆಡಿಸಿ ಬೇಡ ಅಂದರು, ಅವನು ಸರಿ ಅಂತ ತಲೆ ಆಡಿಸಿ ತನ್ನ ಪಾಡಿಗೆ ಲೋಟ ತೊಳೆಯೋಕೆ ಹೋದ. ಆಕಾಶ ಕಳಚಿ ಬೀಳಲಿಲ್ಲ. ಟೀ ಬಂದು ಆರಿ ತಣ್ಣಗಾಯ್ತು, ನಾನು ಕುಡಿಯಲಿಲ್ಲ, ಆಗಲೇ ಬರೆಯೋಕೆ ಕೂತಿದ್ದೆ. ಹೊಸ ರಸ್ತೆಯಲ್ಲಿ ತಟ್ಟು. ಒಂದು ಚಿಟಿಕೆ ಹೊಡೆಯೋವಷ್ಟು ಕಾಯಿ. ಉತ್ತರ ಬಂದರೆ ಸರಿ, ಬರದಿದ್ದರೆ ಅದನ್ನ ಬಿಡಬೇಡ, ಅದು ಹಾಗೇ ಇರಲಿ, ಹಳೇ ರಸ್ತೆಯಲ್ಲೂ ತಟ್ಟು. ಯಾರು ಮೊದಲು ಓ ಅಂದರೋ ಆ ದಾರಿ ಹಿಡಿ, ಇನ್ನೊಬ್ಬರಿಗೆ ಬೇಡ ಅಂತ ಹೇಳಿ ಬಾಗಿಲು ಎಳೆದುಕೋ. ನಲವತ್ತು ಸಾಲು, ಅಷ್ಟೆ. ಏಳು ತಿಂಗಳು ಎಲ್ಲ ಕಂಬ ಬದಲಾಯಿಸಿದವಳಿಗೆ ಅಡ್ಡ ಬಂದದ್ದು ಯಾವ ಕಂಬವೂ ಅಲ್ಲ, ನಮ್ಮಜ್ಜಿ ಹೇಳಿಕೊಟ್ಟ ಮರ್ಯಾದೆ. ನನಗೆ ನಗು ತಡೆಯೋಕಾಗಲಿಲ್ಲ.

ಬಸವಲಿಂಗಯ್ಯನವರಿಗೆ ಒಪ್ಪಿಸೋದು ಪ್ರೋಗ್ರಾಮು ಬರೆಯೋದಕ್ಕಿಂತ ಕಷ್ಟವಾಯ್ತು. ಇದು ನಮ್ಮೂರ ಪದ್ಧತಿ ಅಲ್ಲ, ತಾಳಿದವನು ಬಾಳಿಯಾನು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ, ತಿಪ್ಪೇರುದ್ರಯ್ಯನವರು ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಶುರು ಮಾಡಿದರು.

"ಮರ್ಯಾದೆ ಮನುಷ್ಯರಿಗೆ ಕೊಡೋಣ ಸ್ವಾಮಿ, ರಸ್ತೆಗೆ ಯಾಕೆ?" ಅಂದೆ. "ಎರಡೂ ರಸ್ತೆ ಹೋಗೋದು ಅದೇ ಮನೆಗೆ. ಆ ಮನೆಯವರಿಗೆ ನೀವು ಬೇಗ ಬಂದರೆ ಸಂತೋಷ, ಯಾವ ಕಲ್ಲಿನ ಮೇಲೆ ಬಂದಿರಿ ಅಂತ ಯಾರು ಕೇಳ್ತಾರೆ?"

ಅವರು ಮೀಸೆ ತಿರುವಿ, ನನ್ನ ಪೆಟ್ಟಿಗೆ ಈಸ್ಕೊಂಡು ಅವರ ಬೀಗರ ಹೆಸರು ಹೇಳಿದರು. ಹೆಸರು ಬಾಯಿಂದ ಪೂರ್ತಿ ಆಚೆ ಬರೋಕ್ಕೆ ಮುಂಚೆ ಪೆಟ್ಟಿಗೆ, ಎಡಕ್ಕೆ ಹೊರಡಿ ಅಂತು. ಇನ್ನೊಂದು ಸಲ ಹೇಳಿದರು. ಮೂರನೇ ಸಲ ಬೇಕಂತಲೇ ಕಲ್ಲು ಕುಸಿದ ಬೀದಿಯ ಒಬ್ಬರ ಹೆಸರು ಹೇಳಿದರು. ಒಂದು ಚಿಟಿಕೆ, ಬಲಕ್ಕೆ ಹೊರಡಿ. ಆಮೇಲೆ ಮಗು ಆಟದ ಸಾಮಾನು ಹಿಡಿದ ಹಾಗೆ ಪೆಟ್ಟಿಗೆ ವಾಪಸ್ಸು ಕೊಡೋಕೆ ಮನಸ್ಸಿಲ್ಲದೆ ಕೂತಿದ್ದರು. ಹಾಕಿ ನೋಡೋಣ ಅಂದರು.

ಗುರುವಾರ ಬೆಳಗ್ಗೆ ಹಾಕಿದೆವು, ಹೆಬ್ಬಾಗಿಲ ಒಳಗಿನವರ ನಂಬರನ್ನೂ ಸೇರಿಸಿ. ನಾನೂ ಸಾಬರೂ ಚೌಕದ ಕಟ್ಟೆ ಮೇಲೆ ಹೋಗಿ ಕೂತೆವು. ಜನ ಮನೆಯಿಂದ ಬಂದರು, ಪೆಟ್ಟಿಗೆಗೆ ಹೆಸರು ಹೇಳಿದರು, ಹೋದರು. ಯಾರೂ ನಿಲ್ಲಲಿಲ್ಲ. ಮೇಷ್ಟ್ರು ಗಂಟೆ ಹೊಡೆಯೋಕ್ಕೆ ಮುಂಚೆ ಶಾಲೆ ಸೇರಿದರು. ಹೊಸದೇನೋ ಆಯ್ತು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಅರ್ಧ ಜನ ನೀಲಿ ಕಲ್ಲಿನ ಮೇಲೆ, ಅರ್ಧ ಜನ ಹಳೇ ಮಣ್ಣಿನ ಮೇಲೆ, ಯಾರೂ ಕಾಲು ಕೆಳಗೆ ನೋಡಿಕೊಳ್ಳಲಿಲ್ಲ. ಸಾಬರು ನೀಲಿ ಕಲ್ಲಿನ ಮೇಲೆ ಹೋಗೋರನ್ನ ಎಣಿಸೋಕೆ ಶುರು ಮಾಡಿ, ಎಪ್ಪತ್ತರ ಹತ್ತಿರ ಎಣಿಕೆ ತಪ್ಪಿ, ಟೋಪಿಯಿಂದ ಕಣ್ಣು ಒರೆಸ್ಕೊಂಡರು. ನಾನು ಅವರ ಬೆನ್ನಿಗೊಂದು ಗುದ್ದು ಕೊಟ್ಟೆ.

ಹನ್ನೊಂದು ಗಂಟೆ ಹೊತ್ತಿಗೆ ಸುದ್ದಿ ಹಬ್ಬಿತು. ಯಾರೋ ಒಬ್ಬ ಮುದುಕಪ್ಪ ಹೆಬ್ಬಾಗಿಲ ಒಳಗಿರೋ ತನ್ನ ಹಳೇ ಸ್ನೇಹಿತನ ಹೆಸರು ಹೇಳಿ ನೋಡಿದನಂತೆ, ಪೆಟ್ಟಿಗೆ ಕರ್ಕೊಂಡು ಹೋಗಿ ನೇರ ಅವನ ಮಂಚದ ಪಕ್ಕ ನಿಲ್ಲಿಸ್ತಂತೆ. ಅದಾದ ಮೇಲೆ ಊರಿಗೆ ಹುಚ್ಚು ಹಿಡೀತು. ಅಂಗಡಿ ಅರ್ಧ ಬಾಗಿಲು ಎಳೆದು, ಒಲೆ ಮೇಲಿಂದ ಪಾತ್ರೆ ಇಳಿಸಿ, ಬಾಳೆಹಣ್ಣೋ ಬಿಸ್ಕತ್ತೋ ಕೈಗೆ ಸಿಕ್ಕಿದ್ದು ಹಿಡ್ಕೊಂಡು ಜನ ಹೊರಟರು. ಹನ್ನೆರಡು ವರ್ಷ ಯಾರ್ಯಾರನ್ನ ನೋಡಬೇಕು ಅಂದುಕೊಂಡಿದ್ದರೋ ಅವರನ್ನೆಲ್ಲ ಅವತ್ತೇ ನೋಡಬೇಕು ಅನ್ನೋ ಹಾಗೆ. ಹೊರಡಿ ವಿಮಲಮ್ಮೋರೆ, ಇನ್ನು ಏನು ನೋಡ್ತಾ ಕೂತಿದೀರಿ ಅಂದರು ಸಾಬರು. ಅವರಿಗೆ ನನ್ನ ವಿಷಯ ನಾನು ಹೇಳಿರಲಿಲ್ಲ. ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ.

ಪೆಟ್ಟಿಗೆ ಕೈಯಲ್ಲಿ ಹಿಡಿದೆ. ಅಕ್ಕನಿಗೆ ಹಳೇ ನಂಬರು ಇಲ್ಲ, ಆದ್ದರಿಂದ ಅವಳು ಹೆಸರು ಬರೆಸದಿದ್ದರೆ ಯಾವ ರಸ್ತೆಯೂ ಇಲ್ಲ, ಪೆಟ್ಟಿಗೆ ಸಿಗಲಿಲ್ಲ ಅಂದುಬಿಡುತ್ತೆ. ಸುಲೋಚನ ಅಂದೆ, ಅಪ್ಪನ ಹೆಸರು ಅಮ್ಮನ ಹೆಸರು ಸೇರಿಸಿ. ಆ ಒಂದು ಚಿಟಿಕೆಯ ಹೊತ್ತನ್ನ ನಾನೇ ಬರೆದದ್ದು, ಅಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬಲಕ್ಕೆ ಹೊರಡಿ ಅಂತು ಪೆಟ್ಟಿಗೆ. ಓಡಿದೆ. ಈ ವಯಸ್ಸಿನಲ್ಲಿ, ಸೀರೆ ಎತ್ತಿ ಕಟ್ಕೊಂಡು, ನೀಲಿ ಕಲ್ಲಿನ ಮೇಲೆ ಓಡಿದೆ.

ಹೆಬ್ಬಾಗಿಲಲ್ಲಿ ದೊಡ್ಡತಾಯಮ್ಮ ಖಾಲಿ ಕೈ ಮಡಿಲಲ್ಲಿ ಇಟ್ಕೊಂಡು ಬಂದು ಹೋಗೋರನ್ನ ನೋಡ್ತಾ ಕೂತಿದ್ದಳು. ನನ್ನ ನೋಡಿ ಯಾರು ಕರೆದರು ಅಂತ ಕೇಳಲಿಲ್ಲ. ಹೊಸ ನಂಬರಿಗೆ ಹೆಸರು ಬರೆಸೋ ದಿನ ಬೆಳಗಿನ ಜಾವವೇ ಬಂದು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು ಕಣಮ್ಮ ನಿಮ್ಮಕ್ಕ ಅಂದಳು. ನಾನು ಅವಳ ಪಕ್ಕ ಅಲ್ಲೇ ಕೂತುಬಿಟ್ಟೆ. ಮುದುಕಿ ಒಂದು ಲೋಟ ನೀರು ಕೊಟ್ಟಳು, ಕುಡಿದು ನಡೆದೆ.

ದಾರಿಯುದ್ದಕ್ಕೂ ಹನ್ನೆರಡು ವರ್ಷದಿಂದ ಹೊಂದಿಸಿಕೊಂಡ ಮಾತುಗಳನ್ನ ಜೋಡಿಸ್ಕೊಂಡೆ. ಬಾಗಿಲು ತೆರೆದೇ ಇತ್ತು. ಒಳಗೆ ಸಂತೆ. ಅಕ್ಕನ ಜೊತೆ ಓದಿದ ಇಬ್ಬರು ಹೆಂಗಸರು, ಭಾವನ ಸೋದರಮಾವ, ಹಿಂದಿನ ಬಾಡಿಗೆ ಮನೆಯ ಓನರ್ರು, ಅವರ ಸೊಸೆ, ಸೊಸೆಯ ಎರಡು ಮಕ್ಕಳು, ಎಲ್ಲ ಕರೆಯದೆ ಬಂದವರು. ಜಮಖಾನದ ಮೇಲೆ ಜಾಗ ಸಾಲದೆ ಅಕ್ಕಿ ಮೂಟೆ ಮೇಲೂ ಕೂತಿದ್ದರು. ಅಡಿಗೆಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯೆಲ್ಲ ಹಿಟ್ಟು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಾಲಿಂದ ತಲೆವರೆಗೆ ಒಂದು ಸಲ ನೋಡಿದಳು. ಒಳಗೆ ಬಾ, ಜನ ಜಾಸ್ತಿ ಆಗಿದ್ದಾರೆ, ಇನ್ನೆರಡು ಪಾವು ಅಕ್ಕಿ ತೊಳಿ ಅಂದಳು.

ಒಳಗೆ ಹೋಗಿ ಅಕ್ಕಿ ತೊಳೆದೆ. ಅವಳು ನನ್ನ ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದಳು. ಜೋಡಿಸ್ಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಅಕ್ಕ, ಅಮ್ಮನ ನಂಬರು ನಿಂದು ಕಣೆ. ನಾನು ಕದ್ದೆ."

"ಗೊತ್ತು" ಅಂದಳು. ಹಿಟ್ಟನ್ನ ಇನ್ನೊಂದು ಸಲ ಮಗುಚಿ ಗುದ್ದಿದಳು. ಆ ಗುದ್ದು ಯಾರಿಗೆ ಬಿತ್ತು ಅಂತ ನನಗೆ ಗೊತ್ತು. ಆಮೇಲೆ ನನ್ನ ಕಡೆ ತಿರುಗಿದಳು, ಕಣ್ಣಲ್ಲಿ ನೀರು, ತುಟಿ ತುದಿಯಲ್ಲಿ ಅವಳ ಆ ಹಳೇ ತುಂಟತನ. "ಅದನ್ನ ನೀನೇ ಇಟ್ಕೋ. ನಿಂದು ನಾಲ್ಕು ಭಾಗ, ನಂದು ಎಂಟು."

ನಾನು ನಕ್ಕೆನೋ ಅತ್ತೆನೋ, ಅಕ್ಕಿ ನೀರೆಲ್ಲ ಸೀರೆ ಮೇಲೆ ಚೆಲ್ಲಿಕೊಂಡೆ. ಅಷ್ಟರಲ್ಲಿ ಹೊರಗೆ ಮತ್ತೆ ಯಾರೋ ಬಾಗಿಲು ಬಡಿದರು. ಹೋಗಿ ನೋಡು, ನನ್ನ ಕೈ ಹಿಟ್ಟಾಗಿದೆ ಅಂದಳು ಅಕ್ಕ. ಹೋದೆ. ಹೊಸ್ತಿಲಲ್ಲಿ ನಾನು ಯಾವತ್ತೂ ನೋಡಿರದ ಗಂಡ ಹೆಂಡತಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಸಂಕೋಚ. ಇದು ಸುಲೋಚನಮ್ಮನ ಮನೆ ತಾನೇ, ನೀವು ಯಾರು ಗೊತ್ತಾಗಲಿಲ್ಲ ಅಂದರು. ನಾನು ಅವರ ತಂಗಿ, ಒಳಗೆ ಬನ್ನಿ ಅಂದೆ.